ದಪ್ಪ ದನಿ

ಗ್ರೈಂಡರ್ ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದಾಗ ಅಂಗಡಿಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಗುರುಚರಣನಿಗೆ ತಿಳಿಯಲಿಲ್ಲ. ಕೈಯಲ್ಲಿ ಮಡಿಸಿದ ಕೊಡೆ, ಹೆಗಲ ಮೇಲೆ ಶಲ್ಯ, ಹಣೆಯ ಮೇಲೆ ಬೆಳಗಿನ ಅಂಗಾರ ಅಕ್ಷತೆ. ಚೆನ್ನೈಯ ತ್ರಿಪ್ಲಿಕೇನಿನ ಮನೆಯಿಂದ, ಬೈಕು ರಿಪೇರಿ ಅಂಗಡಿಗಳೇ ತುಂಬಿದ ಪುದುಪೇಟೆಯ ಈ ಓಣಿಗೆ ನಡೆದೇ ಬರಬಹುದು. ಆದರೂ ಅಂಗಡಿ ತೆರೆದಂದಿನಿಂದ ಅವರು ಒಮ್ಮೆಯೂ ಇತ್ತ ಬಂದವರಲ್ಲ.

"ಕೂತ್ಕೊಳ್ಳಿ ಅಪ್ಪಾ," ಎಂದು ಗುರುಚರಣ ಸ್ಟೂಲಿನ ಮೇಲಿನ ಎಣ್ಣೆ ಒರೆಸಿ, ಪೇಪರು ಹಾಸಿದ. "ಅಮ್ಮಂಗೆ ಹೇಳಿ ಬಂದ್ರಾ?"

"ಮಠಕ್ಕೆ ಅಂದೆ." ಅಪ್ಪ ವಿಷ್ಣುತೀರ್ಥರ ದನಿಯಲ್ಲಿ ಈಗ ಗಾಳಿಯೇ ಹೆಚ್ಚು.

ಮರುದಿನ ಬೆಳಿಗ್ಗೆ ಅವರು ಆಸ್ಪತ್ರೆಗೆ ಸೇರಬೇಕಿತ್ತು. ಗಡ್ಡೆ ಧ್ವನಿಪೆಟ್ಟಿಗೆಯನ್ನೇ ಹಿಡಿದಿದೆ, ಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಆಮೇಲೆ ಉಸಿರಾಟವೆಲ್ಲ ಕತ್ತಿನಲ್ಲಿ ಮಾಡುವ ತೂತಿನಿಂದ, ಹಳೆಯ ದನಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ತೆಗೆಯದಿದ್ದರೆ ಮುಂದಿನ ರಾಮನವಮಿ ಕಾಣುವುದು ಕಷ್ಟ ಎಂದೂ ಹೇಳಿದ್ದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮನೆಗೆ ಬಂದು ಕಾಲು ತೊಳೆದು, ದೇವರ ಮುಂದೆ ಕೂತು, ಒಡಕು ದನಿಯಲ್ಲೇ ಪಾರಾಯಣಕ್ಕೆ ತೊಡಗಿದ್ದರು. ಅಂದಿನಿಂದ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ.

ಗುರುಚರಣನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಅಪ್ಪನ ದನಿ ಮೊದಲಿನಿಂದಲೂ ತೆಳು. ಹೋದ ಫಾಲ್ಗುಣದಲ್ಲಿ ಅದು ತಗ್ಗಿ ದಪ್ಪವಾಗತೊಡಗಿ, ರಾಮನವಮಿಯ ಪಾರಾಯಣದ ಹೊತ್ತಿಗೆ ತುಂಬಿಕೊಂಡು ಮಠದ ಹಿಂದಿನ ಗೋಡೆಯವರೆಗೂ ಹರಡಿತ್ತು. ಶ್ಲೋಕಕ್ಕೆ ಕೂರಿಸಿದರೆ ತಲೆನೋವೆಂದು ಏಳುತ್ತಿದ್ದ ಮಗ ಅಂದು ಕಂಬಕ್ಕೊರಗಿ ಕೊನೆಯವರೆಗೂ ಕೇಳಿದ್ದ. "ಅಪ್ಪಾ, ನಿಮ್ಮ ದನಿಗೆ ಈಗ ಬೇಸ್ ಬಂದಿದೆ. ಕೇಳ್ತಾ ಇರೋಣ ಅನ್ಸುತ್ತೆ," ಎಂದಿದ್ದ. ದಿನಬೆಳಗಾದರೆ ಬೈಕುಗಳ ದನಿ ತಗ್ಗಿಸಿ ದಪ್ಪ ಮಾಡುವವನ ಮೆಚ್ಚುಗೆ ಅದು. ಅಪ್ಪ ಹುಡುಗನಂತೆ ನಾಚಿದ್ದರು. ಆಮೇಲೆ ಅಮ್ಮ ಡಾಕ್ಟರಿಗೆ ತೋರಿಸೋಣ ಎಂದಾಗಲೆಲ್ಲ, "ಗುರುನೇ ಚೆನ್ನಾಗಿದೆ ಅಂದಿದಾನೆ, ಬಿಡು," ಎಂದು ಜ್ಯೇಷ್ಠಮಧು ಚಪ್ಪರಿಸುತ್ತ ಬೇಸಿಗೆ ಕಳೆದುಬಿಟ್ಟರು. ಆಷಾಢದಲ್ಲಿ ದನಿ ಒಡೆದಾಗಲೇ ತಿಳಿದದ್ದು, ಆ ದಪ್ಪ ಗಡ್ಡೆಯದೆಂದು.

"ಇದೇನು?" ಅಪ್ಪ ಕೊಡೆಯ ತುದಿಯಿಂದ, ಸೀಳಿಟ್ಟಿದ್ದ ಸೈಲೆನ್ಸರನ್ನು ತೋರಿಸಿದರು.

"ಒಳಗೆ ಈ ಅಡ್ಡ ತಟ್ಟೆಗಳಿರ್ತವೆ ಅಪ್ಪಾ. ಸೌಂಡು ಇದಕ್ಕೆ ಬಡಿದು ಬಡಿದೇ ಸತ್ತೋಗತ್ತೆ. ಇವನ್ನ ಕಿತ್ತು, ತೂತಿನ ಪೈಪ್ ಕೂರಿಸಿ, ಸುತ್ತ ಗಾಜಿನ ಹತ್ತಿ ಸುತ್ತಿದ್ರೆ ಕೀರಲೆಲ್ಲ ಹೋಗಿ ದಪ್ಪಗೆ ಬರತ್ತೆ."

"ಪೊಲೀಸ್ನೋರು ಸುಮ್ನಿರ್ತಾರಾ?"

"ಹಿಡೀತಾರೆ. ಹುಡುಗ್ರು ಫೈನ್ ಕಟ್ಟಿ ಮತ್ತೆ ನನ್ ಹತ್ರಾನೇ ಬರ್ತಾರೆ."

ಅಪ್ಪ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಕಿತ್ತ ತಟ್ಟೆಯೊಂದನ್ನು ಎತ್ತಿ ಮಗುಚಿ ನೋಡಿ, "ನೀನು ಒಳಗಿರೋದನ್ನ ತೆಗೆದ್ರೆ ದನಿ ಬರತ್ತೆ," ಎಂದರು. "ಅವರು ತೆಗೆದ್ರೆ ಹೋಗತ್ತೆ."

ಗುರುಚರಣ ಗ್ಲೌಸು ಬಿಚ್ಚಿದ. ಮತ್ತೆ ಹಾಕಿಕೊಂಡ.

"ದನಿ ಇಲ್ದೆ ದೇವರ ಮುಂದೆ ಏನಂತ ಕೂರ್ಲೋ? ಹೇಳು ನೀನು."

"ನನ್ನ ಕೇಳ್ಬೇಡಿ ಅಪ್ಪಾ. ನಾನು ಹೇಳಿದ್ದನ್ನ ಒಂದ್ಸಲ ಕೇಳಿದ್ರಿ. ಅದೇ ಸಾಕಾಗಿದೆ."

ಅಪ್ಪ ಅವನ ಮುಖವನ್ನೇ ನೋಡಿದರು. "ಅದಕ್ಕಾ ಮನೇಲಿ ಮಾತು ಬಿಟ್ಟಿದೀಯ?"

ಎದುರಿನ ಅಂಗಡಿಯಲ್ಲಿ ಯಾರೋ ಬಾಗಿದ ಮಡ್‌ಗಾರ್ಡನ್ನು ಬಡಿದು ನೇರ ಮಾಡುತ್ತಿದ್ದರು. ಬಡಿತ ನಿಂತಾಗ ಅಪ್ಪ ಮೆಲ್ಲನೆ ಕೇಳಿದರು:

"ಚೆನ್ನಾಗೇ ಇತ್ತಲ್ವೋ, ಆದ್ರೂ?"

"ತುಂಬಾ ಚೆನ್ನಾಗಿತ್ತು ಅಪ್ಪಾ," ಎಂದ ಗುರುಚರಣ. ಅವನಿಗೆ ಸುಳ್ಳಾಡಲು ಬರಲಿಲ್ಲ.

"ಅಣ್ಣಾ, ರೆಡಿಯಾ?" ಎನ್ನುತ್ತ ಬೈಕಿನ ಒಡೆಯ ಸೂರಜ್ ಬಂದ. ಅಂಬತ್ತೂರಿನ ಐಟಿ ಆಫೀಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಚಿಕ್ಕಂದಿನಲ್ಲಿ ಮಠದಲ್ಲಿ ವಿಷ್ಣುತೀರ್ಥರ ಹತ್ತಿರವೇ ಶ್ಲೋಕ ಕಲಿತವನು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಬಹುಪಾಲು ತಮಿಳು. ಮುದುಕರನ್ನು ಇಲ್ಲಿ ಕಂಡು ಹೌಹಾರಿದ. "ಅಯ್ಯೋ, ಮಾಮಾ! ನೀಂಗಳಾ? ಇಂಗೆಯಾ?"

"ಒಂದಾದ್ರೂ ಶ್ಲೋಕ ನೆನಪಿದೆಯೇನೋ?"

"ಮೊದಲ್ ಲೈನ್ ಮಟ್ಟುಂ, ಮಾಮಾ. ಅಷ್ಟೇ."

"ಕಿವಿ ಹಿಂಡಿದ್ದು?"

"ಅದು ಫುಲ್ಲಾ ನೆನಪು ಇರುಕ್ಕು!" ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನಕ್ಕ. "ವಾಯ್ಸ್ ಎಲ್ಲಿ ಪೋಚು ಮಾಮಾ? ಹುಡುಗರನ್ನ ಬೈದು ಬೈದಾ?"

"ನಿನ್ನಂಥೋರನ್ನೇ," ಎಂದು ಅಪ್ಪ ಶಲ್ಯ ಸರಿಪಡಿಸಿಕೊಂಡರು.

ಗುರುಚರಣ ಪೈಪಿಗೆ ಬಿಳಿ ಹತ್ತಿ ಸುತ್ತಿ, ತಂತಿ ಬಿಗಿದು, ಸೀಳನ್ನು ವೆಲ್ಡ್ ಮಾಡಿ ಮುಚ್ಚಿದ. ಆರಿದ ಮೇಲೆ ಬೈಕಿಗೆ ಕೂರಿಸಿ ಬೋಲ್ಟು ತಿರುಗಿಸಿದ. ಕೈ ತಾನಾಗಿ ನಡೆಯುತ್ತಿತ್ತು. ಮಠದ ಕೊನೆಯ ಸಾಲಿನಲ್ಲಿ ಅಪ್ಪ ಇನ್ನು ದನಿಯಿಲ್ಲದೆ ಬರಿದೇ ಕೂತಿರುವುದು ಕಣ್ಣಿಗೆ ಬರುತ್ತಿತ್ತು. ಆ ಸಾಲಿನಲ್ಲಿ ಅಪ್ಪ ಇಲ್ಲದಿರುವುದೂ ಕಣ್ಣಿಗೆ ಬರುತ್ತಿತ್ತು.

ಸೂರಜ್ ಸ್ಟಾರ್ಟ್ ಒತ್ತಿದ. ಅಂಗಡಿಯ ತಗಡು ಅದುರಿತು. ನೆಲದಿಂದಲೇ ಎದ್ದಂತಹ ದನಿ, ಕೀರಲಿನ ಎಳೆಯೂ ಇಲ್ಲ. ಹುಡುಗ ಮಂಡಿಯೂರಿ, ಪೈಪಿನ ಬಾಯಿಗೆ ಕಿವಿಯೊಡ್ಡಿ, "ಇನ್ನುಂ ಕೊಂಚಂ ದಪ್ಪ ವೇಣುಂ ಅಣ್ಣಾ!" ಎಂದು ಕೂಗಿದ.

ಗುರುಚರಣ ಅಪ್ಪನತ್ತ ತಿರುಗಿದ. ಅವರ ತುಟಿ ಅಲ್ಲಾಡುತ್ತಿತ್ತು. ತನಗೇನೋ ಹೇಳುತ್ತಿದ್ದಾರೆಂದುಕೊಂಡು ಅವನು ಕೈ ಬೀಸಿ ಸೂರಜನಿಗೆ ಸನ್ನೆ ಮಾಡಿದ. ಎಂಜಿನ್ ನಿಂತಿತು.

ಏನೂ ಕೇಳಿಸಲಿಲ್ಲ. ತುಟಿ ಅಲ್ಲಾಡುತ್ತಲೇ ಇತ್ತು. ಅಪ್ಪನ ಕಣ್ಣು ಮುಚ್ಚಿತ್ತು. ಎರಡು ಬೆರಳು ಗಂಟಲ ಮೇಲಿದ್ದವು, ನಾಡಿ ನೋಡುವವರ ಹಾಗೆ. ಆ ತುಟಿಗಳ ಮೇಲೆ ಯಾವ ಶ್ಲೋಕವಿದೆಯೆಂದು ಗುರುಚರಣನಿಗೆ ಗೊತ್ತಾಯಿತು. ಮನಸ್ಸಿನಲ್ಲೇ ಅವರ ಜೊತೆ ನಡೆದ. ಮೂರನೆಯ ಸಾಲಿನ ದೀರ್ಘದಲ್ಲಿ, ಅಷ್ಟು ವರ್ಷಗಳ ರೂಢಿ, ಅಪ್ಪನ ದನಿ ಎಳೆಯಷ್ಟು ಹೊರಗೆ ಜಾರಿಬಿಟ್ಟಿತು. ಬೆರಳುಗಳಿಗೆ ಅದು ತಿಳಿಯಿತು. ಅಪ್ಪ ತುಟಿ ಮುಚ್ಚಿದರು. ಉಸಿರೆಳೆದುಕೊಂಡು, ದನಿಯ ಎಳೆಯೂ ಹೊರಬರದ ಹಾಗೆ, ಮೊದಲ ಅಕ್ಷರದಿಂದ ಮತ್ತೆ ತೊಡಗಿದರು.