ಹೂಳು ಬಿದ್ದ ಚಿತ್ರ

ಮಹಾಬಲನ ಕೈಯಲ್ಲಿ ಹೆಸರು ಬರೆಸಿಕೊಳ್ಳದ ಬೋಟು ಹೊನ್ನಾವರದ ಬಂದರದಲ್ಲಿ ಇರಲಿಲ್ಲ. ಅದು ಹೊಟ್ಟೆಪಾಡು. ಮನೆಯ ಹಿಂದಿನ ಜಗಲಿಯಲ್ಲಿ ಕೂತು ಅವನು ತನಗಾಗಿ ಬರೆಯುತ್ತಿದ್ದ ಚಿತ್ರಗಳೇ ಬೇರೆ. ಅಲ್ಲಿ ಮರವಿದ್ದರೂ ಮರ ಅನ್ನಿಸದು, ಹೆಂಗಸಿದ್ದರೂ ಹೆಂಗಸು ಅನ್ನಿಸದು. ಬರೀ ಬಣ್ಣ, ಬರೀ ಬಳುಕು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ನೀರು ತಿರುಗುವುದನ್ನು ಕಂಡರೆ ಅವನಿಗೆ ಹೆಂಡತಿ ದೇವಿಯ ಬೆನ್ನು ನೆನಪಾಗುತ್ತಿತ್ತು. ದೇವಿ ಮೆಟ್ಟುಗತ್ತಿಯ ಮುಂದೆ ಬಗ್ಗಿ ಬಂಗಡೆ ಮೀನು ಕೊಯ್ಯುತ್ತಿದ್ದರೆ ಅಳಿವೆ ನೆನಪಾಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಬರೆದದ್ದೆಲ್ಲ ಆ ಬೆನ್ನನ್ನೇ.

ಪೇಟೆಯ ಸಭಾಭವನದಲ್ಲಿ ಮೊದಲ ಪ್ರದರ್ಶನ ಅಂತಾದಾಗ ದೇವಿ ಕರಾರು ಹಾಕಿದಳು.

"ಒಬ್ಬರಾದ್ರೂ ಇದು ದೇವಿ ಅಂತ ಗುರ್ತು ಹಿಡಿದ್ರೋ, ಮತ್ತೆ ನನ್ನ ಬರಿಯೂದು ಬಂದ್. ತೆಂಗಿನಮರ ಬರ್ಕಂಡು ಕೂತ್ಕಣಿ."

ತೆಂಗಿನಮರ ಬರೆಯುವುದಕ್ಕಿಂತ ಕುಂಚವನ್ನೇ ಹೊಳೆಗೆ ಎಸೆಯುವ ಜಾತಿ ಮಹಾಬಲನದು.

ಮಳೆಗಾಲ, ಬೋಟುಗಳೆಲ್ಲ ದಡ ಹತ್ತಿದ್ದವು. ಹಾಗಾಗಿ ಪ್ರದರ್ಶನಕ್ಕೆ ಕಲಾರಸಿಕರು ಬಾರದಿದ್ದರೂ ಕೆಲಸವಿಲ್ಲದ ಬೋಟಿನವರು ದಂಡಿಯಾಗಿ ಬಂದರು. ಬೋಟು ನಡೆಸುವುದರಲ್ಲಿ ಹಣ್ಣಾದ ಈರ ತಾಂಡೇಲ ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ಕೈಕಟ್ಟಿ ನಿಂತ. ದೇವಿಯ ಕೈಯಡುಗೆ ಎಷ್ಟೋ ಸಲ ಉಂಡವನು ಅವನು. ಇವನು ಗುರುತು ಹಿಡಿದೇಬಿಡುತ್ತಾನೆ ಅಂದುಕೊಂಡ ಮಹಾಬಲ.

"ಇದು ನಮ್ಮ ಅಳಿವೆ ಅಲ್ದನಾ?" ಅಂದ ಈರ.

"ಅಳಿವೆನೇ," ಅಂತ ಪಕ್ಕದ ಬೋಟಿನ ತಿಮ್ಮಪ್ಪ ಮೂಗು ತೂರಿಸಿದ. "ಆದ್ರೆ ಹೂಳು ಬಿದ್ದ ಜಾಗ ತಪ್ಪು. ತೆಂಕಿಗೆ ಬೇಕಿತ್ತು."

"ಅದು ಹೋದ ವರ್ಷ. ಈಗ ಬಡಗಿಗೆ ಬಂದದೆ."

ಅಳಿವೆಯ ಮರಳುದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ದಾರಿ ತಪ್ಪಿದ ಬೋಟು ಅಲ್ಲೇ ಕೂತುಬಿಡುತ್ತದೆ. ಆದ್ದರಿಂದ ಆ ಮಾತು ಬಂದರದವರಿಗೆ ತಮಾಷೆಯಲ್ಲ. ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಕೂಡಿ ಚಿತ್ರದ ಮೇಲೆ ಬೆರಳಾಡಿಸತೊಡಗಿದರು. ತಿಮ್ಮಪ್ಪನಂತೂ ಗೇಣು ಹಾಕಿ ಅಳೆದೇಬಿಟ್ಟ.

"ಇಲ್ಲಿ ಮೊದ್ಲು ಸಪೂರ ಇತ್ತು. ಈಗ ಎರಡೂ ಬದಿಗೆ ಬೆಳೆದದೆ ನೋಡು. ಮಶೀನು ತಂದು ತೆಗೆಸ್ದಿದ್ರೆ ಕಷ್ಟ. ಮಾಬ್ಲಾ, ನೀನೇ ಹೇಳು, ಹೂಳೇ ಅಲ್ದ ಇದು?"

ಮಹಾಬಲನಿಗೆ ಹೋದ ಜೀವ ಬಂದಂತಾಯಿತು. "ಹೌದೌದು, ಹೂಳೇ. ವರ್ಷ ವರ್ಷ ಬೆಳೀತಾ ಅದೆ," ಅಂದುಬಿಟ್ಟ.

ಬಂದವರಿಗೆ ಚಾ ಕೊಡಲು ಕೆಟಲಿ ಹಿಡಿದ ದೇವಿ ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ!

"ಹೂಳಲ್ಲ ಅದು! ನನ್ನ ಸೊಂಟ!"

ತಿಮ್ಮಪ್ಪನ ಕೈ ಕಾದ ಕಾವಲಿ ಮುಟ್ಟಿದ ಹಾಗೆ ಹಿಂದೆ ಬಂತು. ಈರ ತಾಂಡೇಲ ತಲೆ ತಗ್ಗಿಸಿ, "ತಪ್ಪಾತು ತಂಗೀ, ಗೊತ್ತಾಗ್ಲಿಲ್ಲ," ಅಂದ.

"ನಿಮಗೆ ಗೊತ್ತಾಗೂದೇ ಬ್ಯಾಡ. ಆದ್ರೆ ಇವ್ರು?" ದೇವಿ ಗಂಡನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಇಪ್ಪತ್ತೆರಡು ವರ್ಷ ಕಂಡ ಬೆನ್ನು. ನಾಕು ಜನರ ಎದುರಿಗೆ ಹೂಳು ಅಂದ್ರಲ್ಲ!"

ಕರಾರು ಹಾಕಿದವಳು ನೀನೇ ಅಲ್ಲವಾ ಎನ್ನುವ ಮಾತು ಮಹಾಬಲನ ಬಾಯಿತನಕ ಬಂದು ನಿಂತಿತು. ನಾಚಿಕೆಯಿಂದ ಅವನು ಕುಗ್ಗಿಹೋಗಿದ್ದ. ಹೆದರಿಕೆ ಮಾತ್ರ ಎಲ್ಲೋ ಹೊರಟುಹೋಗಿತ್ತು.

"ಸುಳ್ಳು ಹೇಳ್ಬಿಟ್ಟೆ ದೇವಿ. ಅಳಿವೆ ಕಂಡ್ರೂ ನಂಗೆ ನೀನೇ ಕಾಣೂದು. ಬೇರೆ ಎಂತದೂ ಬರಿಯೂಕೆ ಬರೂದಿಲ್ಲ ನಂಗೆ."

ಹನ್ನೊಂದು ಜನ ಬೋಟಿನವರು ಒಟ್ಟಿಗೆ ಫ್ಯಾನು ನೋಡತೊಡಗಿದರು. ದೇವಿ ಕೆಟಲಿ ಕುಕ್ಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಚಿತ್ರವನ್ನು ತುಂಬ ಹೊತ್ತು ನೋಡಿದಳು.

"ಮುಂದಿನ ಸಲ ಮುಖ ಬರೀರಿ. ಹೂಳು ಅನ್ನೂಕೆ ಯಾರಿಗೆ ಧೈರ್ಯ ಬತ್ತದೆ ನೋಡ್ವ."

"ಆತು, ಆತು," ಅಂದ ಮಹಾಬಲ. ಅಲ್ಲೇ ಕುಣಿದುಬಿಡುವಷ್ಟು ಖುಷಿಯಾಗಿತ್ತು ಅವನಿಗೆ. ಮನೆಗೆ ಹೋಗುವ ಬಸ್ಸಿನಲ್ಲಿ, ಟಿಕೆಟು ತೆಗೆದ ಮೇಲೆ, ತಾನು ಹುಟ್ಟಿದಾಗಿನಿಂದ ಒಂದು ಮುಖವನ್ನೂ ನೆಟ್ಟಗೆ ಬರೆದವನಲ್ಲ ಎಂಬುದು ನೆನಪಾಯಿತು.