ಗುಬ್ಬಿಯ ಹೆಸರು ಸೇರಿದ ಪ್ರಮಾಣಪತ್ರ

ನನ್ನ ಹೆಂಡತಿ, ತವರಿನವರ ಬಾಯಲ್ಲಿ ಗುಬ್ಬಿ, ತೀರಿಕೊಂಡು ಏಳು ತಿಂಗಳಾಗಿತ್ತು. ಅವಳು ಹಾಡಿ ರೆಕಾರ್ಡ್ ಮಾಡಿಟ್ಟಿದ್ದ ನಲವತ್ತೊಂದು ದೇವರ ಹಾಡುಗಳನ್ನು ಸೊಸೆ ಕಳೆದ ಶುಕ್ರವಾರ ಮನೆಯ ಪುಟ್ಟ ಕಂಪ್ಯೂಟರಿಗೆ ಹಾಕಿ, ದೂರದವರೂ ಕೇಳುವಂತೆ ಜಾಲತಾಣ ಮಾಡಿಕೊಟ್ಟಿದ್ದಳು. ಸರ್ವರುಗಳನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ.

ಬುಧವಾರ ಮಧ್ಯಾಹ್ನ ನನ್ನ ಹೆಂಡತಿಯ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದರು. ಐದು ಗಂಟೆಗೆ ಅವರಿಗೆ ಹೃದಯದ ಆಪರೇಷನ್.

"ಒಳಗೆ ಹೋಗೋ ಮುಂಚೆ ಗುಬ್ಬಿ ದನಿ ಕೇಳೋಣ ಅಂದ್ರೆ, ಸುರಕ್ಷಿತವಲ್ಲ ಅಂತ ಬರ್ತಿದೆ. ಅಂಥದ್ದನ್ನ ಒತ್ತಬೇಡಿ ಅಂದವರು ನೀವೇ. ನಾನಂತೂ ಒತ್ತಲ್ಲ."

ಸೊಸೆ ಆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ಮಾವ, ನಿಜ ಹೇಳಿ. ದಿನಾ ಇದನ್ನ ಏನು ಮಾಡ್ತಿದ್ದೀರಿ?"

"ಬೆಳಿಗ್ಗೆ ಸ್ನಾನ ಮಾಡಿ, ಹಳೇ ಕಂಟೇನರ್, ಅದೇ ತಾಣ ನಡೆಸೋ ತಂತ್ರಾಂಶದ ಡಬ್ಬಿ, ಅಳಿಸಿ ಹೊಸದು ಹಾಕ್ತೀನಿ. ನಿನ್ನ ಚೀಟೀಲಿದ್ದ ಎರಡೇ ಸಾಲು. ದೇವರ ಹಾಡಲ್ವಾ, ಶುದ್ಧವಾಗಿರಲಿ ಅಂತ."

ಅವಳು ನಕ್ಕುಬಿಟ್ಟಳು. "ತಾಣ ಸುರಕ್ಷಿತ ಅನ್ನೋ ಪ್ರಮಾಣಪತ್ರ ಇದ್ದದ್ದು ಅದರೊಳಗೇ. ದಿನಾ ಅದನ್ನೂ ಗುಡಿಸಿ ಹಾಕಿದ್ದೀರಿ. ಹೊಸ ಕಂಟೇನರ್ ಪ್ರತಿ ಸಲ ಹೊಸ ಪತ್ರ ಕೇಳತ್ತೆ, ಕೊಡೋ ಸಂಸ್ಥೆಯವರು ತಾಣದ ಒಂದೇ ಹೆಸರಿಗೆ ವಾರಕ್ಕೆ ಐದೇ ಕೊಡೋದು. ಇವತ್ತಿಂದು ಆರನೇದು, ಇಲ್ಲ ಅಂದ್ರು."

"ಒಳಗಿಟ್ಟವರು ಯಾರಮ್ಮ?"

"ಸರಿ, ಅರ್ಧ ತಪ್ಪು ನಂದು."

ಮೂವತ್ತು ವರ್ಷ ದಸ್ತಾವೇಜು ನೋಂದಣಿ ಕಚೇರಿಯಲ್ಲಿ ದುಡಿದವನು ನಾನು. ಒಬ್ಬರ ಹೆಸರಿನ ಪತ್ರ ಬೇರೆ, ಇಬ್ಬರ ಹೆಸರಿನದು ಬೇರೆ. "ಎರಡು ಹೆಸರು ಸೇರಿಸಿ ಕೇಳಿದರೆ ಅದು ಬೇರೆ ಪತ್ರ ಆಗಲ್ವೇ?"

ಸೊಸೆ ನನ್ನ ಮುಖ ನೋಡಿದಳು. "ಆಗತ್ತೆ. ತಾಣಕ್ಕೆ ಎರಡನೇ ಹೆಸರು ಏನಿಡಲಿ?"

"ಗುಬ್ಬಿ ಅಂತ ಇಡು."

ಈ ಸಲ ಪ್ರಮಾಣಪತ್ರವನ್ನು ಅವಳು ಕಂಟೇನರಿನ ಹೊರಗೆ, ಡಿಸ್ಕಿನ ಬೇರೆ ಫೋಲ್ಡರಿನಲ್ಲಿ ಇಟ್ಟಳು. ಹಾಡುಗಳಿಗಿದ್ದ ನೇರ ದಾರಿಯನ್ನು ಮುಚ್ಚಿ, ಬಂದವರಿಗೆಲ್ಲ ಮೊದಲು ಪತ್ರ ತೋರಿಸಿ ಒಳಬಿಡಲು ಇನ್ನೊಂದು ಕಂಟೇನರನ್ನು ಮುಂದೆ ನಿಲ್ಲಿಸಿದಳು. ನಾನು ದೇವರನ್ನು ನೆನೆಯುತ್ತ ಕೂತೆ. ಆದರೆ ಹೆದರಿಕೆ ಇರಲಿಲ್ಲ.

ಮೂರೂಮುಕ್ಕಾಲಿಗೆ ಅತ್ತಿಗೆಯ ಫೋನ್ ಬಂತು. "ವಿಳಾಸದ ಪಕ್ಕ ಬೀಗದ ಗುರುತು ಬಂತು. ಅದನ್ನ ಒತ್ತಿ ನೋಡಿದ್ರೆ ಪತ್ರದಲ್ಲಿ ನಮ್ಮ ಗುಬ್ಬಿ ಹೆಸರೂ ಇದೆ."

ಫೋನಿನಲ್ಲೇ ಹಾಡು ಕೇಳಿಸಿತು. ಎರಡನೆಯ ಸಾಲಿನ ಕೊನೆಗೆ ನನ್ನವಳು ಎಂದಿನಂತೆ ಉಸಿರೆಳೆದುಕೊಂಡಳು. ಕೊನೆಗೆ ನರ್ಸ್ ಬಂದು ಅತ್ತಿಗೆಯನ್ನು ಕರೆದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಾಡಿನ ಕಂಟೇನರನ್ನು ಅಳಿಸಿ ಹೊಸದು ಹಾಕಿದೆ. ಬೀಗದ ಗುರುತು ಹಾಗೆಯೇ ಇತ್ತು. ಆಪರೇಷನ್ ಮುಗಿದು ಕಣ್ಣು ಬಿಟ್ಟ ಅತ್ತಿಗೆ, ಗುಬ್ಬಿ ಹಾಡು ಕೇಳಬೇಕೆಂದು ಮೊದಲು ಫೋನ್ ಕೇಳಿದರಂತೆ.