ಬೊಲ್ಗ್ಯೊದ ಅಕ್ಕ

“ಇವತ್ತು ನಿನ್ನೂರು ಬೊಲ್ಗ್ಯೊ,” ಎಂದ ಪ್ಯೋ, ಹುಬ್ಬಿಗೆ ಮಸಿ ತೀಡಿಕೊಳ್ಳುತ್ತ. “ಈ ತುಕಡೀಲಿ ಅರ್ಧ ಜನ ಆ ಕಡೆಯೋರೇ.”

“ನಿನ್ನೆ ನೀನೇ ಆಂಡೊಂಗ್ ಅಂದಿದ್ದೆ.”

“ನಾಳೆ ಇನ್ನೊಂದು. ಪುಣ್ಯವಂತೆ ಕಣೇ, ಇಡೀ ದೇಶವೇ ನಿನ್ನ ಹುಟ್ಟೂರು.”

ಜಿನೋಕ್ ನಗಲಿಲ್ಲ. ಯುದ್ಧಕ್ಕೆ ಬಂದ ಕೊರಿಯಾದ ಸೈನಿಕರನ್ನು ರಂಜಿಸುವ ತಂಡಕ್ಕೆ ಅವಳು ಗಾಯಕಿ, ಪ್ಯೋ ವಿದೂಷಕ, ನಿರೂಪಕ. ಗಾಯಕಿ ತಮ್ಮೂರಿನವಳೆಂದರೆ ಸೈನಿಕರು ಎರಡು ಪಟ್ಟು ಅಳುತ್ತಾರೆಂದು ಕಂಡುಕೊಂಡವನು ಅವನೇ. ಕೊರಿಯಾದಿಂದ ವಿಯೆಟ್ನಾಮಿಗೆ ಬಂದ ಹದಿನೆಂಟು ದಿನಗಳಲ್ಲಿ ಅವಳು ಹದಿನಾಲ್ಕು ಊರುಗಳಲ್ಲಿ ಹುಟ್ಟಿದ್ದಳು.

ನಿಜವಾಗಿ ಹುಟ್ಟಿದ್ದು ಹೇಜುವಿನಲ್ಲಿ. ಅದೀಗ ಗಡಿಯ ಆಚೆ, ಶತ್ರುವಾದ ಉತ್ತರ ಕೊರಿಯಾದಲ್ಲಿತ್ತು. ತಾಯಿಯೂ ಅಲ್ಲೇ, ಬದುಕಿದ್ದರೆ. ಗಡಿಯ ಈಚೆ ಜಿನೋಕಳ ದನಿ ಗೊತ್ತಿಲ್ಲದ ರೇಡಿಯೋ ಇರಲಿಲ್ಲ. ಆದರೆ ವೇದಿಕೆಯ ಮೇಲೆ ಆ ಊರಿನ ಹೆಸರು ಎತ್ತುವಂತಿರಲಿಲ್ಲ. ಎರಡು ವರ್ಷ ಕಾಲೇಜಿನಲ್ಲಿ ಸಾಹಿತ್ಯ ಓದಿದ್ದರ ಫಲವೆಂದರೆ, ಯಾವ ಊರಿನ ಬಗ್ಗೆ ಬೇಕಾದರೂ ನಾಲ್ಕು ವಾಕ್ಯ ಸರಾಗವಾಗಿ ಹೇಳಬಲ್ಲವಳಾಗಿದ್ದಳು.

ಹಾಡಿದಳು. ಆರುನೂರು ಜನ ಬಿಸಿಲಲ್ಲಿ ಕೂತು ಅತ್ತರು. ಊರು ನೆನೆದು ಅಳಬಲ್ಲ ಅವರನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚಾಯಿತು.

ಊಟದ ಡೇರೆಗೆ ಸಿಪಾಯಿಯೊಬ್ಬ ಹುಡುಕಿಕೊಂಡು ಬಂದ. ಬಿಸಿಲಿಗೆ ಕಿವಿ ಸುಲಿದಿತ್ತು.

“ಅಕ್ಕಾ, ನಾನು ಟೆಕ್ಸು. ಬೊಲ್ಗ್ಯೊದೋನೇ. ನಿಮ್ಮನೆ ಯಾವ ಕಡೆ?”

“ಸೇತುವೆ ಹತ್ರ.” ಎಲ್ಲ ಊರಿಗೂ ಒಂದು ಸೇತುವೆ ಇರುತ್ತದೆ.

“ಅರೆ, ನಮ್ದೂ ಅಲ್ಲೇ! ವಾಪಸ್ ಹೋದಾಗ ನಮ್ಮಮ್ಮನ್ನ ನೋಡ್ಕೊಂಡು ಬರ್ತೀರಾ? ನಾಳೆ ಕಾಡಿಗೆ ಹೊರಟಿದೀವಿ. ಕಾಗದ ಬರೆದ್ರೆ ಅವಳಿಗೆ ಓದಕ್ಕೆ ಬರಲ್ಲ. ಓದಿ ಹೇಳೋ ಅಂಚೆಯೋನು ನಡುವೆ ತನ್ನದೂ ಸೇರಿಸ್ತಾನೆ. ಕಣ್ಣಾರೆ ಕಂಡೋರು ಹೇಳಿದ್ರೆ ನಂಬ್ತಾಳೆ.”

“ಹೋಗ್ತೀನಿ, ಅದಕ್ಕೇನಂತೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. “ಬೇಸಿಗೆ ರಜೇಲಿ ಕಡಲಂಚಿನ ಕೆಸರಲ್ಲಿ ಚಿಪ್ಪುಮೀನು ಹೆಕ್ಕಿ ಬೇಯಿಸ್ಕೊಂಡು ತಿಂತಿದ್ವಲ್ಲ...”

ಟೆಕ್ಸುವಿನ ಮುಖದ ನಗು ನಿಧಾನವಾಗಿ ಆರಿತು.

“ಬೇಸಿಗೇಲಾ? ಬೇಸಿಗೇಲಿ ಅದನ್ನ ನಮ್ಮೂರ ನಾಯೀನೂ ಮೂಸಲ್ಲ ಅಕ್ಕಾ. ಅದು ಚಳಿಗಾಲದ್ದು.”

ಡಬ್ಬಿಯ ಕಿಮ್ಚಿ ಉಪ್ಪಿನಕಾಯಿ ಕೆದಕುತ್ತಿದ್ದ ಪ್ಯೋ ಕೆಮ್ಮಿದ. “ಸಿಯೋಲ್ ಸೇರಿ ಎಷ್ಟೋ ವರ್ಷ ಆಯ್ತಲ್ಲಪ್ಪ. ಮರೆತಿದಾಳೆ.”

“ಮರೆಯೋ ವಿಷಯಾನಾ ಅದು?”

ಹೇಜು ಎಂಬ ಹೆಸರು ನಾಲಿಗೆಯವರೆಗೆ ಬಂತು. ಪ್ಯೋ ಅವಳನ್ನೇ ನೋಡುತ್ತಿದ್ದ.

“ಮರ್ತೋಯ್ತು,” ಎಂದಳು.

ಟೆಕ್ಸು ಹೊರಟುಹೋದ.

ಹೆಲಿಕಾಪ್ಟರಿನ ರೆಕ್ಕೆ ತಿರುಗತೊಡಗಿದಾಗ ಅವನೇ ಓಡಿ ಬಂದು ರಟ್ಟಿನ ತುಂಡೊಂದನ್ನು ಅವಳ ಕೈಗೆ ತುರುಕಿದ.

“ದಾರಿ ಬರೆದಿದೀನಿ! ಅಮ್ಮಂಗೆ ದಪ್ಪಗಾಗಿದಾನೆ ಅಂತ ಹೇಳಿ!” ಕೂಗಿದ. “ನಿಮಗೆ ಸುಳ್ಳು ಹೇಳಕ್ಕೆ ಬರುತ್ತಲ್ಲ!”

ನೆಲ ದೂರವಾದ ಮೇಲೆ ರಟ್ಟಿನ ಮೇಲಿನ ಚಿತ್ರ ನೋಡಿದಳು. ರೈಲು ನಿಲ್ದಾಣ, ಸೇತುವೆ, ಅವನ ಮನೆ. ಅದಕ್ಕೆ ಅಂಟಿಕೊಂಡು ಇನ್ನೊಂದು ಮನೆ: ಹುಲ್ಲಿನ ಸೂರು, ಬಾವಿ, ಮೇಲಕ್ಕೇಳುತ್ತಿರುವ ಹೊಗೆ. ಕೆಳಗೆ ಸಣ್ಣಕ್ಷರದಲ್ಲಿ, ‘ಅಕ್ಕನ ಮನೆ’.

ಜಿನೋಕ್ ಅದರ ಗೋಡೆಗುಂಟ ಬೆರಳು ಸರಿಸಿದಳು. ಒಂದು ಸುತ್ತು. ಮತ್ತೊಂದು ಸುತ್ತು.

ಆ ಮನೆಗೆ ಅವನು ಬಾಗಿಲು ಬರೆದಿರಲಿಲ್ಲ.